ಇಂಡಕ್ಷನ್ ಒಲೆ ಎಷ್ಟು ಕರೆಂಟ್ ತಿನ್ನುತ್ತೆ: ಮೀಟರ್ ಮುಂದೆ ಕೂತು ಎಣಿಸಿದ್ದು

ಇಂಡಕ್ಷನ್ ಒಲೆ ಮನೆಗೆ ಬಂದ ದಿನ ನಮ್ಮತ್ತೆ ಹೇಳಿದ್ದು ಒಂದೇ ಮಾತು: "ಬಿಲ್ಲು ಬಂದಾಗ ಗೊತ್ತಾಗ್ತತಿ ಬಿಡವ್ವ." ಬಿಲ್ಲು ಬರೋವರೆಗೆ ಕಾಯೋದು ಬೇಡ, ನಾನೇ ಅಳೆದು ನೋಡೋಣ ಅನ್ನಿಸಿತು.

ನಮ್ಮದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಐದು ಜನರ ಮನೆ. ಬೆಸ್ಕಾಂ ಮೀಟರಿನ ಮುಖದ ಮೇಲೆ ಪುಟ್ಟದೊಂದು ಕೆಂಪು ದೀಪ ಮಿನುಗುತ್ತೆ, ಪಕ್ಕದಲ್ಲಿ 3200 ಅಂತ ಬರೆದಿದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಒಂದು ಭಾನುವಾರ ಫ್ರಿಜ್, ಫ್ಯಾನ್, ಟಿವಿ ಎಲ್ಲ ಆರಿಸಿ, ಒಂದು ಲೀಟರ್ ನೀರನ್ನು 1200 ವ್ಯಾಟಿನಲ್ಲಿ ಕಾಯಿಸೋಕೆ ಇಟ್ಟೆ. ಮಗಳು ನೋಟ್‌ಬುಕ್ ಹಿಡಿದು ಮೀಟರ್ ಕೆಳಗೆ ಕೂತಳು. ಸೆಕೆಂಡಿಗೆ ಒಂದರ ಹತ್ತಿರ ಮಿನುಗುತ್ತೆ, ಐದೈದಕ್ಕೆ ಗೀಟು ಎಳೆದರೆ ಲೆಕ್ಕ ತಪ್ಪಲ್ಲ. ನೀರು ಕುದಿಯೋ ಹೊತ್ತಿಗೆ 326. ಅಂದರೆ ಯೂನಿಟ್‌ನ ಹತ್ತನೇ ಒಂದು ಭಾಗ, ಅರವತ್ತೆಪ್ಪತ್ತು ಪೈಸೆ.

ಒಲೆಯ ಮೇಲೆ 2000 ವ್ಯಾಟ್ ಅಂತ ಬರೆದಿದ್ದು ನೋಡಿ ಗಾಬರಿಯಾಗೋರು ಬಹಳ. ಗಂಟೆಗಟ್ಟಲೆ ಪೂರ್ತಿ ಉರಿಸಿದರೆ ತಾನೇ ಗಂಟೆಗೆ ಎರಡು ಯೂನಿಟ್? ಹಾಲು, ಎರಡು ಹೊತ್ತಿನ ಚಹಾ, ಅನ್ನ, ಬೇಳೆ, ಒಂದು ಪಲ್ಯ ಇಷ್ಟಕ್ಕೆ ನಮಗೆ ದಿನಕ್ಕೆ 1.1 ಯೂನಿಟ್ ಹೋಯಿತು. ತಿಂಗಳಿಗೆ 33. ಜೋಳದ ರೊಟ್ಟಿ ಮಾತ್ರ ಗ್ಯಾಸಿನ ಮೇಲೇ. ಬೆಂಕಿಯ ಮೇಲೆ ಹಾಕದೆ ರೊಟ್ಟಿ ಉಬ್ಬಲ್ಲ. ಅತ್ತೆಯ ಹಳೇ ಅಲ್ಯೂಮಿನಿಯಂ ಕುಕ್ಕರೂ ಇದರ ಮೇಲೆ ಕಾಯಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ನಡೆಯುತ್ತೆ.

ಇನ್ನು ದುಡ್ಡಿನ ಮಾತು. 2025-26ರಲ್ಲಿ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿಯ ಸರ್‌ಚಾರ್ಜ್ 36 ಪೈಸೆ, ಮೇಲೆ ಶೇ 9 ತೆರಿಗೆ ಇತ್ತು. 6 ರೂಪಾಯಿ 70 ಪೈಸೆ ಅಂತ ಹಿಡಿಯಿರಿ. 33 ಯೂನಿಟ್‌ಗೆ 221 ರೂಪಾಯಿ. ಅತ್ತ 38 ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ 55 ದಿನ ಬಂತು. ಮನೆಗೆ ತಂದು ಇಳಿಸಿದವರ ಕೈಖರ್ಚು ಸೇರಿ ನಾನು ಸಿಲಿಂಡರಿಗೆ ಕೊಟ್ಟಿದ್ದು 900. ತಿಂಗಳ ಲೆಕ್ಕಕ್ಕೆ ಇಳಿಸಿದರೆ ಉಳಿದದ್ದು ಸುಮಾರು 220 ರೂಪಾಯಿ. ಸರಿಸಮ! ಮೂರು ಸಲ ಕೂಡಿಸಿ ನೋಡಿದೆ, ಉತ್ತರ ಬದಲಾಗಲಿಲ್ಲ. ಕರೆಂಟಿಗೆ ದುಡ್ಡು ಕೊಟ್ಟು ಉರಿಸೋರಿಗೆ ಇಂಡಕ್ಷನ್‌ನಿಂದ ಸಿಗೋದು ಅಡುಗೆಮನೆಯ ತಂಪು, ಬೇಗ ಕಾಯುವ ಹಾಲು, ಅಷ್ಟೇ.

ನಮಗೆ ಲಾಭ ಆಗಿದ್ದು ಮನೆಗಳಿಗೆ ಉಚಿತ ಕರೆಂಟ್ ಕೊಡೋ ಸರ್ಕಾರದ ಗೃಹಜ್ಯೋತಿ ಯೋಜನೆಯಿಂದ. 2022-23ರಲ್ಲಿ ನಮ್ಮ ತಿಂಗಳ ಸರಾಸರಿ 108 ಯೂನಿಟ್, ಅದರ ಮೇಲೆ ಶೇ 10 ಸೇರಿ ಹತ್ತಿರ ಹತ್ತಿರ 118 ಉಚಿತ. ಮಾಮೂಲಿ ತಿಂಗಳಲ್ಲಿ 98 ಸುಡುತ್ತಿದ್ದೆವು, ಇಂಡಕ್ಷನ್ ಸೇರಿ 131 ಆಯಿತು. ಹೆಚ್ಚಾದ 13 ಯೂನಿಟ್‌ಗೆ ಮಾತ್ರ ದುಡ್ಡು, ನೂರು ರೂಪಾಯಿಯೂ ಆಗಲಿಲ್ಲ.

ಎಡವಿದ್ದು ಬೇಸಿಗೆಯಲ್ಲಿ. ನಮ್ಮೂರ ಬಿಸಿಲು ಗೊತ್ತಲ್ಲ, ರಾತ್ರಿಯಿಡೀ ಕೂಲರ್ ಓಡಲೇಬೇಕು. ಆ ತಿಂಗಳ ಬಿಲ್ಲಿನಲ್ಲಿ 206 ಯೂನಿಟ್. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಆರು ಯೂನಿಟ್‌ಗಾಗಿ ನಿಗದಿತ ಶುಲ್ಕ ಸೇರಿ ಸಾವಿರದ ಐನೂರು ದಾಟಿತು. ಅವತ್ತು ಅತ್ತೆ ಏನೂ ಅನ್ನಲಿಲ್ಲ, ನನಗೇ ಹೊಟ್ಟೆ ಉರಿಯಿತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಲೆಯನ್ನು ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ ಕನ್ವರ್ಟರ್ ಪ್ಲಗ್ ಹಾಕಿ ನಡೆಸಿದ್ದೆ. ಪೂರ್ತಿ ಉರಿಗೆ ಇದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತೆ. ವಾರದೊಳಗೆ ಕಮಟು ವಾಸನೆ, ಪ್ಲಗ್ಗಿನ ಕಾಲು ಕಪ್ಪಾಗಿ ಪ್ಲಾಸ್ಟಿಕ್ ಮೆತ್ತಗಾಗಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮೇನ್ ಬೋರ್ಡಿನಿಂದ ದಪ್ಪ ವೈರ್ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ.

ಈಗ ಬಿಲ್ಲು ಬರೆದು ಹೋದ ದಿನದ ರೀಡಿಂಗ್ ಕ್ಯಾಲೆಂಡರ್ ಮೇಲೆ ಗುರುತು ಹಾಕ್ತೀನಿ. ಬೇಸಿಗೆಯಲ್ಲಿ ಇಪ್ಪತ್ತು ದಿನಕ್ಕೆ 140 ದಾಟಿದ್ದರೆ ಬೇಳೆ, ಅನ್ನ ಎರಡೂ ಗ್ಯಾಸಿಗೆ ವಾಪಸ್. ಮೀಟರ್ ನೋಡಿ ಬರೋ ಕೆಲಸ ಅತ್ತೆಯದು: "ಇವತ್ತು ನೂರಾ ನಲವತ್ನಾಲ್ಕು ಐತಿ ನೋಡವ್ವ, ಗ್ಯಾಸ್ ಹಚ್ಚು."