ಸಾಸಿವೆ ಡಬ್ಬದ ಎಂಟಾಣೆ

ನನ್ನ ಬಾಲ್ಯದ ಬಗ್ಗೆ ಬರೆಯಲು ಕೂತಾಗ ಮೊದಲು ಕೈಗೆ ಬಂದದ್ದು ಒಂದು ಕಳ್ಳತನ. ಅಜ್ಜಿ ಚಿಲ್ಲರೆ ಕಾಸನ್ನು ಸಾಸಿವೆ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಅದರಿಂದ ನಾನು ಎಂಟಾಣೆ ಎತ್ತಿದೆ. ಬೈಗುಳ ಬಿದ್ದದ್ದು ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ. ‘ಆ ರಾತ್ರಿಯೆಲ್ಲ ಅತ್ತೆ’ ಅಂತ ಬರೆದು, ಚೆನ್ನಾಗಿ ಬಂತು ಅಂದುಕೊಂಡು ಅಕ್ಕನಿಗೆ ಓದಲು ಕೊಟ್ಟೆ.

ಅಕ್ಕ ನಕ್ಕುಬಿಟ್ಟಳು. “ಎಲ್ಲಿ ಅತ್ತೆಯೋ? ಅವತ್ತು ಎರಡು ದೋಸೆ ಜಾಸ್ತೀನೇ ತಿಂದು ಮಲಗಿದ್ದೆ.”

ನಿಜ. ಅತ್ತದ್ದು ಹುಡುಗನಲ್ಲ, ಐವತ್ತರ ಹತ್ತಿರ ಬಂದಿರುವ ನಾನು. ಆ ಅಳುವನ್ನು ಅವನ ತಲೆಗೆ ಕಟ್ಟಿದ್ದೆ, ಅಷ್ಟೇ.

ಆಗಲೇ ದಲಿತ ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ಮತ್ತೆ ತೆಗೆದೆ. ಅವರು 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಅದರಲ್ಲೊಂದು ದೃಶ್ಯವಿದೆ. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಅದೊಂದು ವಿಚಿತ್ರ. ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. 1975ರ ‘ಹೊಲೆಮಾದಿಗರ ಹಾಡು’ ಕವನ ಸಂಕಲನದಲ್ಲಿ ಬೆಂಕಿ ಕಾರಿದ ಕವಿ ಇಲ್ಲಿ ಭಾಷಣಕ್ಕೆ ನಿಲ್ಲುವುದಿಲ್ಲ. ಎಷ್ಟೋ ಕಡೆ ನಗಿಸುತ್ತಾರೆ ಕೂಡ. ವಿಮರ್ಶಕ ಡಿ.ಆರ್. ನಾಗರಾಜ್ ಅದನ್ನು ‘ಬಡವರ ನಗುವಿನ ಶಕ್ತಿ’ ಅಂದರು. ಓದುವಾಗ ನನಗೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ. ನೊಗದ ಮೇಲೆ ಇನ್ನೊಬ್ಬರ ಹೆಗಲು ನೋಡಿಕೊಂಡು ಬೆಳೆದ ಮನೆ ನಮ್ಮದು, ಅಲ್ವಾ.

ನನ್ನ ಹತ್ತು ಪುಟಗಳನ್ನು ಪಕ್ಕಕ್ಕಿಟ್ಟೆ. ಪಶ್ಚಾತ್ತಾಪ, ಸಂಕಟ, ಪಾಪ ಅಂತಿದ್ದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಉಳಿದದ್ದು ಒಂದೂವರೆ ಪುಟ! ಅದರಲ್ಲಿ ಆ ಹೆಂಗಸಿಗೆ ಸಿಕ್ಕಿದ್ದು ಒಂದೇ ಸಾಲು.

ಆಮೇಲೆ ಸುಮ್ನೆ ಕೂತು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತಾ ಹೋದೆ. ಬೆವರಿದ ಅಂಗೈಗೆ ಸಾಸಿವೆ ಕಾಳು ಅಂಟಿಕೊಂಡಿತ್ತು. ಕಾಸು ಕೊಡುವಾಗ ನಾಲ್ಕು ಕಾಳು ಅಂಗಡಿಯ ಹಲಗೆಯ ಮೇಲೆ ಉದುರಿದವು. ಅಂಗಡಿಯವರು ಕಾಳು ನೋಡಿದರು, ನನ್ನ ಮುಖ ನೋಡಿದರು, ಕಮರ್ಕಟ್ಟು ಎಣಿಸಿ ಕೊಟ್ಟರು. ಮಾರನೇ ದಿನ ಹಿತ್ತಲಲ್ಲಿ ಅಜ್ಜಿ ಕೂಗಾಡುವಾಗ ಆಕೆ ಒಂದು ಮಾತೂ ಆಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಹಿಡಿದರು. ಒಳಗೆ ಒಂದು ಎಲೆ, ಅರ್ಧ ಅಡಿಕೆ. ಮತ್ತೆ ಗಂಟು ಹಾಕಿಕೊಂಡು ಪಾತ್ರೆಗೆ ಬೂದಿ ಹಚ್ಚಲು ಕೂತರು. ನಾನು ಬಾಗಿಲಲ್ಲೇ ಇದ್ದೆ. ಬಾಯಲ್ಲಿ ಕಮರ್ಕಟ್ಟು ಇತ್ತು. ಅದನ್ನು ಉಗುಳಲಿಲ್ಲ.

ಈ ಗಂಟಿನ ನೆನಪು ಮೊದಲ ಸಲ ಬರೆಯುವಾಗ ಬಂದೇ ಇರಲಿಲ್ಲ. ನನ್ನ ಅಳುವಿನ ವರ್ಣನೆಯಲ್ಲಿ ಅದಕ್ಕೆ ಜಾಗ ಎಲ್ಲಿತ್ತು?

ಹೊಸದಾಗಿ ಬರೆದದ್ದನ್ನು ಅಕ್ಕನಿಗೆ ಮತ್ತೆ ಕೊಟ್ಟೆ. ಈ ಸಲ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದಳು:

“ಎಂಟಾಣೆ ಅಲ್ಲ ಕಣೋ, ಎರಡು ರೂಪಾಯಿ. ನನಗೂ ಕೊಟ್ಟಿದ್ದೆ.”