ಮೂಳೆ ಅಳೆಯುವ ಯಂತ್ರ ಬೇರೆ, ನೋವು ತಗ್ಗಿಸುವ ಯಂತ್ರ ಬೇರೆ: ಯಾವುದಕ್ಕೆ ಹೇಗೆ ಸಿದ್ಧರಾಗಬೇಕು?

ನಮ್ಮ ಕಡೆ ‘ಮೂಳೆ ಸವೆದಿದೆ’ ಎಂಬ ಒಂದೇ ಮಾತು ಎರಡು ಕಾಯಿಲೆಗಳಿಗೆ ನಡೆಯುತ್ತದೆ. ಮಂಡಿಯ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿ ತೆಳುವಾಗಿ, ಮೆಟ್ಟಿಲು ಇಳಿಯುವಾಗ ನೋವು, ಬೆಳಿಗ್ಗೆ ಎದ್ದಾಗ ಬಿಗಿತ ಕಾಣಿಸಿಕೊಂಡರೆ ಅದೂ ಮೂಳೆ ಸವೆತ. ಮೂಳೆಯ ಒಳಗಿನ ಜಾಲರಿ ಸಡಿಲವಾಗಿ, ಬಚ್ಚಲಲ್ಲಿ ಕಾಲು ಜಾರಿದಷ್ಟಕ್ಕೇ ತೊಡೆಮೂಳೆಯ ಕುತ್ತಿಗೆ ಮುರಿದರೆ ಅದೂ ಮೂಳೆ ಸವೆತ. ಮೊದಲನೆಯದು ಕೀಲು ಸವೆತ, ಎರಡನೆಯದು ಮೂಳೆ ಟೊಳ್ಳಾಗುವುದು. ಮೊದಲನೆಯದು ನೋಯುತ್ತದೆ; ಎರಡನೆಯದು ಮೂಳೆ ಮುರಿಯುವ ತನಕ ಬಹುಮಟ್ಟಿಗೆ ಸುಳಿವೇ ಕೊಡುವುದಿಲ್ಲ. ಈ ಎರಡನ್ನು ಬೇರ್ಪಡಿಸಿಕೊಳ್ಳದೆ ಯಂತ್ರದ ಮುಂದೆ ಹೋಗಿ ಕುಳಿತರೆ ದುಡ್ಡೂ ಹೋಗುತ್ತದೆ, ದಾರಿಯೂ ತಪ್ಪುತ್ತದೆ.

ಮೂಡಿಗೆರೆ ಕಡೆಯ ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಆದದ್ದು ಇದೇ. ಕಾಫಿ ಕುಯ್ಲು ಮುಗಿಯಲಿ ಎಂದು ಮುಂದೂಡಿ ಮುಂದೂಡಿ, ಕೊನೆಗೆ ಮಂಡಿನೋವಿಗೆ ಹದಿನೈದು ದಿನ ಫಿಸಿಯೋಥೆರಪಿಯ ‘ಕರೆಂಟ್ ಇಡಿಸಿಕೊಂಡು’ ಬಂದ ಅವರು, ಅದರಿಂದ ಮೂಳೆಯೇ ಗಟ್ಟಿಯಾಯಿತೆಂದು ನಂಬಿದ್ದರು. ಆಮೇಲೆ ಒಂದು ಉಚಿತ ಶಿಬಿರದಲ್ಲಿ ಹಿಮ್ಮಡಿ ಪರೀಕ್ಷೆ ಮಾಡಿ, ಮೂಳೆ ಟೊಳ್ಳಾಗಿರಬಹುದೆಂದು ಸೂಚಿಸುವ ಮೈನಸ್ 2.7 ಎಂಬ ಅಂಕ ಬರೆದುಕೊಟ್ಟಾಗ, ‘ಅಷ್ಟು ದಿನ ಕರೆಂಟ್ ಕೊಡ್ಸಿದ್ದು ದಂಡವಾಯ್ತಲ್ಲ ಮಗಾ’ ಎಂದು ಬೇಸರಪಟ್ಟರು. ಕರೆಂಟು ದಂಡವಾಗಿರಲಿಲ್ಲ, ಅದು ಮಾಡಬಲ್ಲ ಕೆಲಸವೇ ಬೇರೆ.

ಮೊದಲು ಮನೆಯಲ್ಲಿ

ಯಾವ ಯಂತ್ರಕ್ಕೂ ಮುಂಚೆ ಒಂದು ಗೋಡೆ, ಒಂದು ಸೀಸದ ಕಡ್ಡಿ, ಒಂದು ಟೇಪು ಸಾಕು. ಬರಿಗಾಲಲ್ಲಿ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು ಎತ್ತರವನ್ನು ಗುರುತು ಮಾಡಿಸಿಕೊಳ್ಳಿ. ಪ್ರಾಯದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಕುಗ್ಗಿದ್ದರೆ, ಬೆನ್ನುಮೂಳೆಯ ಮಣಿಗಳು ಸದ್ದಿಲ್ಲದೆ ಕುಸಿದಿರುವ ಸಾಧ್ಯತೆ ಇರುವುದರಿಂದ ವೈದ್ಯರಿಗೆ ಹೇಳಲೇಬೇಕು. ನಿಂತಲ್ಲಿಂದ ಬಿದ್ದಷ್ಟಕ್ಕೇ ಹಿಂದೆ ಎಂದಾದರೂ ಮೂಳೆ ಮುರಿದಿದ್ದರೆ, ಆಸ್ತಮಾಕ್ಕೋ ಸಂಧಿವಾತಕ್ಕೋ ಮೂರು ತಿಂಗಳಿಗೂ ಮೀರಿ ಸ್ಟೀರಾಯ್ಡ್ ಮಾತ್ರೆ ತಿಂದಿದ್ದರೆ, ಮುಟ್ಟು ಬೇಗ ನಿಂತಿದ್ದರೆ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ತೆಗೆಸಿದ್ದರೆ, ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಂಥ ಕಾರಣಗಳೇನೂ ಇಲ್ಲದಿದ್ದರೂ ಹೆಂಗಸರಿಗೆ 65, ಗಂಡಸರಿಗೆ 70 ದಾಟಿದ ಮೇಲೆ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸುವುದು ವಾಡಿಕೆಯ ಸಲಹೆ.

ಹಿಮ್ಮಡಿ ಯಂತ್ರವೋ, ಮಲಗಿಸುವ ಯಂತ್ರವೋ?

ಶಿಬಿರಗಳಿಗೆ ತರುವ ಪೆಟ್ಟಿಗೆಯಂಥ ಯಂತ್ರ ಅಲ್ಟ್ರಾಸೌಂಡಿನದು. ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿ, ಪಾದವನ್ನು ಗೂಡಿನಂಥ ಜಾಗದಲ್ಲಿಡಿಸಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಶಬ್ದತರಂಗವನ್ನು ಹಾಯಿಸುತ್ತಾರೆ; ತರಂಗ ಎಷ್ಟು ವೇಗವಾಗಿ ದಾಟಿತು, ದಾಟುವಾಗ ಎಷ್ಟು ಕುಂದಿತು ಎಂಬುದರಿಂದ ಮೂಳೆಯ ಗುಣವನ್ನು ಅಂದಾಜು ಮಾಡುತ್ತಾರೆ. ವಿಕಿರಣವಿಲ್ಲ, ನಾಲ್ಕು ನಿಮಿಷದ ಕೆಲಸ, ಬಸ್ಸಿನಲ್ಲಿ ಹೊತ್ತೊಯ್ಯಬಹುದಾದ ಯಂತ್ರ. ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ಜರಡಿ ಹಿಡಿಯಲು ಇದು ಒಳ್ಳೆಯದು. ಆದರೆ ರೋಗ ಇದೆ, ಇಲ್ಲ ಎಂದು ತೀರ್ಮಾನಿಸುವ, ಟಿ-ಸ್ಕೋರ್ ಎಂಬ ಅಂಕದ ಮೈನಸ್ 2.5ರ ಗೆರೆಯನ್ನು ಎಳೆದಿರುವುದು ಈ ಯಂತ್ರಕ್ಕಲ್ಲ. ಆದ್ದರಿಂದ ಶಿಬಿರದ ಚೀಟಿ ನೋಡಿ ಹೆದರಿಕೊಳ್ಳುವುದೂ ಬೇಡ, ಅಲ್ಲೇ ಮಾರುವ ಡಬ್ಬಿ ಪುಡಿ ಕೊಳ್ಳುವುದೂ ಬೇಡ.

ತೀರ್ಮಾನಕ್ಕೆ ಬೇಕಾದದ್ದು ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಪರೀಕ್ಷೆ. ವೈದ್ಯರ ಚೀಟಿಯಲ್ಲಿ ಇದು ಬಿಎಂಡಿ (ಮೂಳೆಯ ಖನಿಜ ಸಾಂದ್ರತೆ) ಎಂದೂ ಇರುತ್ತದೆ. ಮೇಜಿನ ಮೇಲೆ ಅಂಗಾತ ಮಲಗಿಸಿ, ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸುತ್ತಾರೆ. ಮಾಂಸ ಮತ್ತು ಮೂಳೆ ಆ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ತಡೆಯುವುದರಿಂದ, ಮಾಂಸದ ಪಾಲನ್ನು ಕಳೆದು ಮೂಳೆಯ ಖನಿಜವನ್ನಷ್ಟೇ ಲೆಕ್ಕ ಹಾಕಲು ಸಾಧ್ಯವಾಗುತ್ತದೆ. ಕ್ಷ-ಕಿರಣ ಎಂದೊಡನೆ ಗಾಬರಿ ಬೀಳುವವರಿಗೆ ಒಂದು ಮಾತು: ಇದರ ವಿಕಿರಣ ಕೆಲವೇ ಮೈಕ್ರೋಸೀವರ್ಟ್‌ಗಳಷ್ಟು, ನೆಲ, ಗಾಳಿ, ಆಕಾಶದಿಂದ ಒಂದೆರಡು ದಿನದಲ್ಲಿ ನಮ್ಮ ಮೈಗೆ ಹೇಗೂ ತಾಗುವಷ್ಟೇ. ಗರ್ಭಿಣಿಯರು ಮಾತ್ರ ಮಾಡಿಸಿಕೊಳ್ಳಬಾರದು.

ಡೆಕ್ಸಾ ಯಂತ್ರ ಎಲ್ಲ ಊರಲ್ಲೂ ಇರುವುದಿಲ್ಲ. ಬೇಲೂರು ದಾಟಿ ಹಾಸನಕ್ಕೋ, ಅಲ್ಲಿಂದಾಚೆಗೋ ಹೋಗಬೇಕಾಗಿ ಬಂದರೆ, ಬಸ್ಸು ಹತ್ತುವ ಮುಂಚೆ ಫೋನು ಮಾಡಿ, ‘ನಿಮ್ಮಲ್ಲಿರುವುದು ಹಿಮ್ಮಡಿ ಯಂತ್ರವೋ, ಸೊಂಟ ಮತ್ತು ಬೆನ್ನನ್ನು ಮಲಗಿಸಿ ತೆಗೆಯುವ ಯಂತ್ರವೋ’ ಎಂದು ಬಿಡಿಸಿ ಕೇಳಿ. ನಾವು ಹಾಗೆ ಕೇಳದೆ ಒಂದು ದಿನ ಸುಮ್ಮನೆ ಹೋಗಿ ಬಂದೆವು.

ಪರೀಕ್ಷೆಯ ದಿನ

ಹಿಂದಿನ ದಿನದಿಂದಲೇ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕು. ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆ ಬೆನ್ನುಮೂಳೆಯ ನೆರಳಿನ ಮೇಲೆ ಬಿದ್ದರೆ, ಯಂತ್ರ ಅದನ್ನೂ ಮೂಳೆಯೆಂದೇ ಎಣಿಸುತ್ತದೆ. ಊಟ ತಿಂಡಿಗೆ ತಡೆಯಿಲ್ಲ. ರಾಗಿ ಮುದ್ದೆ ಉಂಡೇ ಹೋಗಬಹುದು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್ ಆಗಿದ್ದರೆ, ಒಂದೆರಡು ವಾರ ಬಿಟ್ಟು ದಿನ ಗೊತ್ತುಮಾಡಿಸಿಕೊಳ್ಳಿ.

ಲೋಹದ ವಿಷಯಕ್ಕೆ ಬಂದರೆ ನಮ್ಮವರ ಮೈಮೇಲೆ ಏನೇನಿರುತ್ತದೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಚಿಕ್ಕಮ್ಮನ ಕತ್ತಿನ ಸರ, ಬಳೆಯನ್ನೆಲ್ಲ ತೆಗೆಸಿ ಮಲಗಿಸಿದ ಮೇಲೆ, ಪರದೆಯಲ್ಲಿ ನಾಲ್ಕನೆಯ ಮಣಿಯ ಪಕ್ಕ ಬಿಳಿಯ ಕೊಕ್ಕೆಯಂಥದ್ದೊಂದು ಹೊಳೆಯಿತು. ತಂತ್ರಜ್ಞೆ ಹುಡುಗಿ ಬಂದು, ‘ಅಮ್ಮಾ, ಸೊಂಟದ ಹತ್ತಿರ ಏನಾದ್ರೂ ಇದೆಯಾ?’ ಎಂದು ಕೇಳಿದಾಗ ಹೊರಬಂದದ್ದು ನೆರಿಗೆಗೆ ಸಿಕ್ಕಿಸಿದ್ದ ಪಿನ್ನು, ಅದರ ಜೊತೆಗೆ ಬೀರುವಿನ ಬೀಗದ ಕೈ. ಬೆಳ್ಳಿ ಉಡಿದಾರ, ಬೆಲ್ಟು, ಜಿಪ್ಪು, ಜೇಬಿನ ಚಿಲ್ಲರೆ ಎಲ್ಲವನ್ನೂ ಮನೆಯಲ್ಲೇ ಬಿಟ್ಟು, ಲೋಹವಿಲ್ಲದ ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗುವುದು ಉತ್ತಮ. ಸೊಂಟಕ್ಕೆ ರಾಡು, ಕೃತಕ ಕೀಲು ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ. ಇನ್ನೊಂದು ಬದಿಯ ಸೊಂಟವನ್ನೋ, ಮುಂಗೈಯನ್ನೋ ಅಳೆಯುತ್ತಾರೆ.

ಮಲಗಿದ ಮೇಲೆ ಬೆನ್ನಿಗಾಗಿ ಕಾಲುಗಳನ್ನು ಒಂದು ಪೆಟ್ಟಿಗೆಯ ಮೇಲೆ ಮಡಿಸಿ ಇಡಿಸುತ್ತಾರೆ, ಸೊಂಟಕ್ಕಾಗಿ ಪಾದವನ್ನು ಒಳಮುಖವಾಗಿ ತಿರುಗಿಸಿ ಪಟ್ಟಿ ಕಟ್ಟುತ್ತಾರೆ. ಈ ತಿರುವು ಸರಿಯಿಲ್ಲದಿದ್ದರೆ ಅಂಕಿಯೇ ಬದಲಾಗುವುದರಿಂದ, ಸ್ವಲ್ಪ ಇರುಸುಮುರುಸಾದರೂ ಅಲುಗಾಡಬಾರದು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ವರದಿ ಓದುವ ಬಗೆ

ವರದಿಯಲ್ಲಿ ಬಣ್ಣಬಣ್ಣದ ನಕ್ಷೆ ಇರುತ್ತದೆ. ಅದನ್ನು ಬಿಟ್ಟು ಟಿ-ಸ್ಕೋರ್ ಇರುವ ಕಂಬಸಾಲನ್ನು ನೋಡಿ. ಆರೋಗ್ಯವಂತ ಯುವ ವಯಸ್ಕರ ಸರಾಸರಿಗಿಂತ ನಿಮ್ಮ ಮೂಳೆ ಎಷ್ಟು ಕೆಳಗಿದೆ ಎಂಬುದನ್ನು ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿದ ಪ್ರಕಾರ, ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮೈನಸ್ ಇರುವುದರಿಂದ ಅಂಕಿ ದೊಡ್ಡದಾದಷ್ಟೂ ಮೂಳೆ ಬಡವಾಗಿದೆ ಎಂಬುದನ್ನು ಮರೆಯಬಾರದು. ಒಂದೊಂದು ಅಂಕ ಇಳಿದಂತೆಲ್ಲ ಮುರಿಯುವ ಅಪಾಯ ಸುಮಾರು ಒಂದೂವರೆಯಿಂದ ಎರಡೂವರೆ ಪಟ್ಟು ಏರುತ್ತದೆ. ಇನ್ನೂ ಮುಟ್ಟು ನಿಲ್ಲದ ಹೆಂಗಸರಿಗೆ ಮತ್ತು 50 ದಾಟದ ಗಂಡಸರಿಗೆ ಈ ಲೆಕ್ಕ ಹೊಂದುವುದಿಲ್ಲ; ಅವರು ಸಮವಯಸ್ಕರೊಂದಿಗೆ ಹೋಲಿಸುವ ಜಡ್-ಸ್ಕೋರ್ ನೋಡಬೇಕು, ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಿಸಬೇಕು.

ಚಿಕ್ಕಮ್ಮನ ವರದಿಯಲ್ಲಿ ಬೆನ್ನಿಗೆ ಮೈನಸ್ 1.2, ತೊಡೆಮೂಳೆಯ ಕುತ್ತಿಗೆಗೆ ಮೈನಸ್ 2.6 ಇತ್ತು. ಬೆನ್ನು ಚೆನ್ನಾಗಿದೆಯಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ವೈದ್ಯರು ತಲೆ ಅಲ್ಲಾಡಿಸಿದರು. ವಯಸ್ಸಾದಂತೆ ಬೆನ್ನಿನ ಮಣಿಗಳ ಅಂಚಿಗೆ ಮುಳ್ಳಿನಂತೆ ಬೆಳೆಯುವ ಮೂಳೆ, ರಕ್ತನಾಳದ ಗೋಡೆಗೆ ಕೂತ ಸುಣ್ಣ, ಇವೆಲ್ಲ ಲೆಕ್ಕಕ್ಕೆ ಸೇರಿಕೊಂಡು ಬೆನ್ನಿನ ಅಂಕವನ್ನು ಸುಳ್ಳಾಗಿ ಏರಿಸುತ್ತವೆ. ಸವೆತದಿಂದಾಗಿ ಟೊಳ್ಳುತನ ಮರೆಯಾಗುವ ವಿಚಿತ್ರ ಇದು. ಸೊಂಟ, ತೊಡೆಮೂಳೆಯ ಕುತ್ತಿಗೆ, ಬೆನ್ನು, ಈ ಮೂರರಲ್ಲಿ ಎಲ್ಲಿ ಅಂಕ ಅತಿ ಕೆಳಗಿದೆಯೋ ಅದರ ಮೇಲೆ ರೋಗ ನಿರ್ಧಾರವಾಗುತ್ತದೆ. ಹೀಗೆ ಅವರಿಗೆ ಇದ್ದದ್ದು ಎರಡೂ: ಮಂಡಿಯಲ್ಲಿ ಕೀಲು ಸವೆತ, ಸೊಂಟದಲ್ಲಿ ಟೊಳ್ಳು. ಎರಡನೆಯದಕ್ಕೆ ರಕ್ತಪರೀಕ್ಷೆ ನೋಡಿ ಔಷಧಿ ಬರೆದುಕೊಟ್ಟರು. ಮೊದಲನೆಯದಕ್ಕೆ ಮತ್ತೆ ಫಿಸಿಯೋಥೆರಪಿ.

ಕರೆಂಟು, ಶಾಖ, ಜೆಲ್

ಫಿಸಿಯೋ ಕೋಣೆಯಲ್ಲಿ ಇರುವುದೆಲ್ಲ ನಮ್ಮ ಬಾಯಲ್ಲಿ ‘ಕರೆಂಟು’. ನಿಜದಲ್ಲಿ ಅವು ಬೇರೆ ಬೇರೆ. ಟೆನ್ಸ್ ಎಂಬ ಸಣ್ಣ ಯಂತ್ರ ಚರ್ಮದ ಮೂಲಕ ನರಗಳಿಗೆ ಜುಮುಜುಮು ಎನ್ನುವ ಮಿಡಿತ ಕಳಿಸುತ್ತದೆ. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ತಗ್ಗುವಂತೆ, ಆ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಮುಚ್ಚುತ್ತದೆ ಎಂಬ ವಿವರಣೆಯನ್ನು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟರು. ಐಎಫ್‌ಟಿ ಎಂಬ ಇನ್ನೊಂದು ಕರೆಂಟಿನ ಯಂತ್ರದಲ್ಲಿ ನಾಲ್ಕು ಪ್ಯಾಡ್ ಇಟ್ಟು, 4000 ಮತ್ತು 4100 ಹರ್ಟ್ಸ್‌ನಂಥ ಎರಡು ಪ್ರವಾಹಗಳನ್ನು ಅಡ್ಡಹಾಯಿಸುತ್ತಾರೆ; ಅವು ಒಳಗೆ ಸಂಧಿಸಿದಲ್ಲಿ 100 ಹರ್ಟ್ಸ್‌ನ ಮಿಡಿತ ಹುಟ್ಟುತ್ತದೆ. ಜೆಲ್ ಹಚ್ಚಿ ಆಡಿಸುವ ಅಲ್ಟ್ರಾಸೌಂಡ್‌ನಲ್ಲಿ 1 ಮೆಗಾಹರ್ಟ್ಸ್ ಆಳಕ್ಕೂ 3 ಮೆಗಾಹರ್ಟ್ಸ್ ಮೇಲ್ಪದರಕ್ಕೂ ಬಳಕೆಯಾಗುತ್ತದೆ. ಅದರ ತಲೆಯನ್ನು ಒಂದೇ ಕಡೆ ನಿಲ್ಲಿಸಬಾರದು, ಸುತ್ತಿಸುತ್ತಲೇ ಇರಬೇಕು.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು ಎಸ್‌ಡಬ್ಲ್ಯುಡಿ ಎಂಬ ಶಾಖದ ಯಂತ್ರದ ವಿಷಯ. 27.12 ಮೆಗಾಹರ್ಟ್ಸ್‌ನ ತರಂಗದಿಂದ ಮಾಂಸದ ಒಳಗೇ ಬಿಸಿ ಹುಟ್ಟಿಸುವ ಈ ಯಂತ್ರದ ಮುಂದೆ ಒದ್ದೆ ಬಟ್ಟೆ ಇದ್ದರೆ ಶಾಖ ಅಲ್ಲೇ ಕೇಂದ್ರೀಕರಿಸಿ ಚರ್ಮ ಸುಡಬಹುದು. ಜುಲೈ ಮಳೆಯಲ್ಲಿ ನೆನೆದು ಬಂದವರು ಒರೆಸಿಕೊಂಡು, ಒಣಬಟ್ಟೆ ಉಟ್ಟ ಮೇಲೆಯೇ ಕೂರಬೇಕು. ಮೈಯೊಳಗೆ ಲೋಹದ ರಾಡು, ತಟ್ಟೆ ಇದ್ದವರಿಗೆ ಇದು ಸಲ್ಲದು. ಪೇಸ್‌ಮೇಕರ್ ಇದ್ದವರಿಗೆ ಈ ಶಾಖವೂ ಬೇಡ, ಕರೆಂಟೂ ಬೇಡ. ಗರ್ಭಿಣಿಯರ ಹೊಟ್ಟೆ, ಸೊಂಟದ ಭಾಗಕ್ಕೂ ಅಷ್ಟೇ.

ಬಿಸಿ ಹೆಚ್ಚಾದರೆ ಬಾಯಿ ಬಿಟ್ಟು ಹೇಳಿ. ಚಿಕ್ಕಮ್ಮ ಮೊದಲು ಹೋಗುತ್ತಿದ್ದ ಕಡೆ ಬಿಸಿ ಚೀಲವನ್ನು ತೆಳುವಾದ ಟವೆಲಿನಲ್ಲಿ ಸುತ್ತಿ ಇಟ್ಟು ಹೋದರಂತೆ. ಕರೆಯಲು ಸಂಕೋಚಪಟ್ಟು ಇಪ್ಪತ್ತು ನಿಮಿಷ ಹಲ್ಲು ಕಚ್ಚಿಕೊಂಡಿದ್ದ ಇವರ ಸೊಂಟದ ಮೇಲೆ ಅಂಗೈಯಗಲದ ಕೆಂಪು ಗುರುತು ತಿಂಗಳಾದರೂ ಹೋಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಅಂಥವರು ಶಾಖಕ್ಕೆ ಮುಂಚೆ ಬಿಸಿ ತಣ್ಣನೆಯ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಲು ಕೇಳಬೇಕು.

ಟೆನ್ಸ್ ಯಂತ್ರವನ್ನು ಮನೆಯಲ್ಲಿ ಬಳಸುವವರು ಮೊದಲ ಸಲ ಫಿಸಿಯೋಥೆರಪಿಸ್ಟರ ಎದುರು ಕಲಿಯಬೇಕು. ಎಣ್ಣೆ, ನೋವಿನ ಮುಲಾಮು ಹಚ್ಚಿದ ಚರ್ಮವನ್ನು ಸೋಪಿನಿಂದ ತೊಳೆದು ಒಣಗಿಸಿ, ಚಿಪ್ಪಿನ ಮೇಲಲ್ಲದೆ ಮಂಡಿಯ ಎರಡೂ ಪಕ್ಕಕ್ಕೆ ಪ್ಯಾಡ್‌ಗಳನ್ನು ಒಂದಕ್ಕೊಂದು ತಾಗದಂತೆ ಅಂಟಿಸಿ. ಯಂತ್ರ ಸೊನ್ನೆಯಲ್ಲಿದೆ ಎಂದು ಖಚಿತಪಡಿಸಿಕೊಂಡು ಚಾಲೂ ಮಾಡಿ, ಇರುವೆ ಹರಿದಂತೆ ಗಟ್ಟಿಯಾಗಿ ತಿಳಿಯುವ, ಆದರೆ ನೋಯದ ಮಟ್ಟಕ್ಕೆ ನಿಧಾನವಾಗಿ ಏರಿಸಿ. ಸಾಮಾನ್ಯವಾಗಿ 80ರಿಂದ 120 ಹರ್ಟ್ಸ್ ಇಟ್ಟು, 20ರಿಂದ 30 ನಿಮಿಷ ಸಾಕು. ಕತ್ತಿನ ಮುಂಭಾಗ, ಎದೆ, ಕಣ್ಣಿನ ಹತ್ತಿರ, ಗಾಯದ ಮೇಲೆ ಇಡಬಾರದು. ಹಾಕಿಕೊಂಡು ಮಲಗಬಾರದು, ಗಾಡಿ ಓಡಿಸಬಾರದು. ಆರಿಸಿದ ಮೇಲೆಯೇ ಪ್ಯಾಡ್ ಕೀಳಿ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ಅಪಚಾರವಾದೀತು. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರಲ್ಲಿ ಮಂಡಿ ಮತ್ತು ಸೊಂಟದ ಕೀಲು ಸವೆತಕ್ಕೆ ಟೆನ್ಸ್ ಬೇಡವೆಂದಿತು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಟೆನ್ಸ್, ಐಎಫ್‌ಟಿ, ಅಲ್ಟ್ರಾಸೌಂಡ್, ಲೇಸರ್ ಯಾವುದಕ್ಕೂ ಸಾಕಷ್ಟು ಪುರಾವೆಯಿಲ್ಲ ಎಂದಿತು. ಎರಡೂ ಒತ್ತಿ ಹೇಳಿದ್ದು ವ್ಯಾಯಾಮವನ್ನು. ನನಗೆ ಕಂಡಂತೆ, ನೋವು ಅರ್ಧ ಗಂಟೆ ತಗ್ಗಿದರೆ ಆ ಅರ್ಧ ಗಂಟೆಯನ್ನು ವ್ಯಾಯಾಮಕ್ಕೆ ಬಳಸಿಕೊಂಡವರಿಗೆ ಯಂತ್ರದಿಂದ ಲಾಭ. ಯಂತ್ರ ತೆಗೆದೊಡನೆ ಎದ್ದು ಹೋದವರಿಗೆ ಅಷ್ಟಕ್ಕಷ್ಟೇ. ಚಿಕ್ಕಮ್ಮನಿಗೆ ಹೇಳಿಕೊಟ್ಟದ್ದು ಎರಡೇ: ಕಾಲು ಚಾಚಿ ಕೂತು, ಮಂಡಿಯ ಕೆಳಗಿಟ್ಟ ಸುತ್ತಿದ ಟವೆಲನ್ನು ಐದು ಎಣಿಸುವವರೆಗೆ ಒತ್ತಿ ಬಿಡುವುದು, ಹತ್ತು ಸಲ, ಆಮೇಲೆ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು.

ಡೆಕ್ಸಾ ಮರುಪರೀಕ್ಷೆಗೆ ಸಾಮಾನ್ಯವಾಗಿ ಒಂದೆರಡು ವರ್ಷ ಬಿಟ್ಟು ಕರೆಯುತ್ತಾರೆ, ಮೂಳೆ ಬದಲಾಗುವುದು ಅಷ್ಟು ನಿಧಾನ. ಆಗ ಅದೇ ಕೇಂದ್ರದ ಅದೇ ಯಂತ್ರದಲ್ಲಿ ಅಳೆಸಬೇಕು. ಹೋಲೋಜಿಕ್ ಬ್ರಾಂಡಿನ ಯಂತ್ರದ ಬೆನ್ನಿನ ಅಳತೆಗೂ ಲೂನಾರ್ ಬ್ರಾಂಡಿನ ಯಂತ್ರದ ಅಳತೆಗೂ ಶೇ 10ಕ್ಕೂ ಹೆಚ್ಚು ಅಂತರ ಬರುವುದುಂಟು, ಅದನ್ನು ಔಷಧಿಯ ಗುಣವೆಂದೋ ದೋಷವೆಂದೋ ಓದಿಕೊಳ್ಳುವಂತಾಗುತ್ತದೆ. ಹಳೆಯ ವರದಿಯ ಕಾಗದವನ್ನು ಕಳೆಯಬಾರದು. ಚಿಕ್ಕಮ್ಮ ತಮ್ಮದನ್ನು ತೋಟದ ಪಹಣಿ ಇರುವ ಟ್ರಂಕಿನಲ್ಲಿ ಇಟ್ಟಿದ್ದಾರೆ. ಯಂತ್ರದ ಹೆಸರನ್ನು ಮೇಲುಗಡೆ ನನ್ನ ಕೈಯಲ್ಲೇ ಬರೆಸಿದರು.