ಯಾತ್ರೆ ಇಲ್ಲದ ದಿನಗಳ ನಡಿಗೆ: ನನ್ನ ಅನುಭವ

ಸ್ಪೇನ್‌ನ ಸ್ಯಾಂಟಿಯಾಗೊದಿಂದ ಮನೆಗೆ ಬಂದು ನಾಲ್ಕನೇ ದಿನ. ಬೆಳಗಿನ ಜಾವ ಐದೂವರೆಗೆ ತಾನಾಗಿಯೇ ಎಚ್ಚರವಾಯಿತು. ಕೈ ಮಂಚದ ಕೆಳಗೆ ಹೋಗಿ ಶೂ ತಡಕಿತು. ಶೂ ಅಲ್ಲೇ ಇತ್ತು. ಆದರೆ ಸಂಜೆಯೊಳಗೆ ತಲುಪಬೇಕಾದ ಊರು ಯಾವುದೂ ಇರಲಿಲ್ಲ. ಮಂಚದ ಮೇಲೆ ಕೂತು ಸುಮಾರು ಹೊತ್ತು ಅತ್ತೆ.

ದೂರದ ಪಾದಯಾತ್ರೆ ಮಾಡಿ ಬಂದವರಿಗೆ ಈ ಖಾಲಿತನ ಗೊತ್ತಿರುತ್ತದೆ. ವಾರಗಟ್ಟಲೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ನಡೆದ ದೇಹ ಒಮ್ಮೆಲೇ ನಿಂತುಬಿಡುತ್ತದೆ. ಮುಂದಿನ ಯಾತ್ರೆಗೆ ರಜೆ, ದುಡ್ಡು, ಮನೆಯ ಅನುಕೂಲ ಎಲ್ಲ ಕೂಡಿಬರಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆ ನಡುವಿನ ವರ್ಷಗಳನ್ನು ನಾನು ಮೊದಲು ಹೇಗೆ ಕೆಡಿಸಿಕೊಂಡೆ, ಆಮೇಲೆ ಮನೆ ಸುತ್ತಲಿನ ಸಣ್ಣ ನಡಿಗೆ ಹೇಗೆ ಕೈ ಹಿಡಿಯಿತು ಅನ್ನುವುದನ್ನು ಹೇಳುತ್ತೇನೆ.

ನನ್ನ ಮೊದಲ ದೊಡ್ಡ ನಡಿಗೆ 2016ರ ಪಂಢರಪುರದ ವಾರಿ. ಮಹಾರಾಷ್ಟ್ರದ ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾದುಕೆಗಳ ಪಾಲಕಿಯ ಜೊತೆ ಹೊರಟು ಆಷಾಢ ಏಕಾದಶಿಗೆ ಪಂಢರಪುರ ಸೇರುವ ಯಾತ್ರೆ. ಸುಮಾರು 250 ಕಿಲೋಮೀಟರ್, ಮೂರು ವಾರದ ಹತ್ತಿರ ಹತ್ತಿರ. ಎರಡನೆಯದು 2018ರ ಕಮೀನೊ, ಸ್ಪೇನಿನ ಹಳೆಯ ಕ್ರೈಸ್ತ ಪಾದಯಾತ್ರೆ. ಫ್ರಾನ್ಸ್ ಗಡಿಯ ಸೇಂಟ್ ಝಾನ್ ಊರಿಂದ ಸ್ಯಾಂಟಿಯಾಗೊವರೆಗೆ ಸುಮಾರು 780 ಕಿಲೋಮೀಟರ್. ನನಗೆ 34 ದಿನ ಬೇಕಾಯಿತು. ಒಂದರಲ್ಲಿ ಲಕ್ಷಾಂತರ ಜನ, ತಾಳ, ಮೃದಂಗ, ಮಳೆ. ಇನ್ನೊಂದರಲ್ಲಿ ಎಷ್ಟೋ ಹೊತ್ತು ನಾನು ಮತ್ತು ನನ್ನ ಹೆಜ್ಜೆಯ ಸದ್ದು, ಅಷ್ಟೇ. ಆದರೂ ಎರಡೂ ಕಡೆ ಸಿಕ್ಕ ಸುಖ ಒಂದೇ. ಬೆಳಿಗ್ಗೆ ಎದ್ದರೆ ಮಾಡಬೇಕಾದ ಕೆಲಸ ಒಂದೇ ಒಂದು, ನಡೆಯುವುದು.

ಮನೆಗೆ ಬಂದ ಮೇಲೆ ನಾನು ಮಾಡಿದ ತಪ್ಪು ಏನೆಂದರೆ, ಮನೆ ಮುಂದಿನ ರಸ್ತೆಯನ್ನು ಬರೀ ತಯಾರಿಯ ಜಾಗ ಅಂತ ನೋಡಿದ್ದು. 2020ರಲ್ಲಿ ಮತ್ತೆ ವಾರಿಗೆ ಹೋಗಬೇಕು ಅಂತ ಮನಸ್ಸಿನಲ್ಲಿತ್ತು. ಅಲ್ಲಿಯತನಕ ಕಾಲು ಗಟ್ಟಿಯಾಗಿರಲಿ ಅಂತ ನಡೆಯುತ್ತಿದ್ದೆ. ಕೈಗೆ ಹೆಜ್ಜೆ ಎಣಿಸುವ ವಾಚ್, ಕಿವಿಗೆ ಇಯರ್‌ಫೋನ್. ದಿನಕ್ಕೆ 10,000 ಹೆಜ್ಜೆ ಆಗಲೇಬೇಕು. ರಾತ್ರಿ 9,200 ತೋರಿಸಿದರೆ ಮನೆಯ ಹಾಲ್‌ನಲ್ಲೇ ಅತ್ತಿಂದಿತ್ತ ಓಡಾಡಿ ಲೆಕ್ಕ ತುಂಬಿಸುತ್ತಿದ್ದೆ. ಆ ಹತ್ತು ಸಾವಿರದ ಕತೆ ತಿಳಿದದ್ದು ಬಹಳ ತಡವಾಗಿ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್‌ಪೊ-ಕೆ. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಆ ಸಂಖ್ಯೆ ಊರೂರಿಗೆ ಹಬ್ಬಿದ್ದು ಆ ಹೆಸರಿನಿಂದ. ಯಾವ ವೈದ್ಯರೂ ಅಳೆದು ಕೊಟ್ಟದ್ದಲ್ಲ.

ಇನ್ನೊಂದು ತಪ್ಪು ಕಾಲಿಗೇ ಬಡಿಯಿತು. ವಾರದ ದಿನ ಕೆಲಸ ಜಾಸ್ತಿ ಅಂತ ಎಷ್ಟೋ ಸಲ ನಡೆಯುತ್ತಲೇ ಇರಲಿಲ್ಲ. ಅದನ್ನೆಲ್ಲ ತುಂಬಿಕೊಳ್ಳಲು ಭಾನುವಾರ ಒಂದೇ ಸಲ 22 ಕಿಲೋಮೀಟರ್ ಹೊಡೆಯುತ್ತಿದ್ದೆ. ಕಮೀನೊದಲ್ಲಿ ದಿನಾ ನಡೆದಿಲ್ವಾ, ಇದೇನು ಮಹಾ ಅನ್ನುವ ಧೈರ್ಯ. ಮೂರು ತಿಂಗಳಿಗೆ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಹತ್ತು ಹೆಜ್ಜೆ ಆದ ಮೇಲೆ ಸ್ವಲ್ಪ ಸಡಿಲ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾದುಹೋಗುವ ದಪ್ಪ ಪಟ್ಟಿಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಸ್ನಾಯು ಬೇಗ ಬಲ ಪಡೆಯುತ್ತದೆ, ಅದನ್ನು ಮೂಳೆಗೆ ಕಟ್ಟಿಹಾಕುವ ನಾರುಗಳು ನಿಧಾನ. ಆರು ದಿನ ಕೂತು ಏಳನೇ ದಿನ ಓಡಿಸಿದರೆ ಅವು ತಡೆಯುವುದಿಲ್ಲ. ಹಾಸಿಗೆಯಲ್ಲಿ ಕೂತೇ ಟವೆಲ್ಲನ್ನು ಮುಂಗಾಲಿಗೆ ಹಾಕಿ ಎಳೆಯುವುದು, ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸುವುದು, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕುವುದು. ಇಷ್ಟನ್ನು ದಿನಾ ಮಾಡಿಯೂ ಪೂರ್ತಿ ವಾಸಿಯಾಗಲು ಎಂಟು ತಿಂಗಳು ಹಿಡಿಯಿತು.

ಆಮೇಲೆ 2020 ಬಂತು. ಕೊರೊನಾದಿಂದಾಗಿ ವಾರಿ ನಡೆಯಲಿಲ್ಲ. ಶತಮಾನಗಳಿಂದ ಹೆಗಲ ಮೇಲೆ, ಎತ್ತಿನ ರಥದಲ್ಲಿ ಹೋಗುತ್ತಿದ್ದ ಪಾದುಕೆಗಳು ಆ ವರ್ಷ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಜುಲೈ 1ರ ಏಕಾದಶಿಯ ಬೆಳಿಗ್ಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ವಾಚ್ ಬಿಚ್ಚಿಟ್ಟೆ. ಇಯರ್‌ಫೋನ್ ಬೇಡವೆನಿಸಿತು. ಸುಮ್ನೆ ಗೇಟು ದಾಟಿ ಎಡಕ್ಕೆ ತಿರುಗಿ, ಎರಡು ಕಿಲೋಮೀಟರಿನ ಒಂದು ಸುತ್ತು ಹಾಕಿ ಬಂದೆ. ನಲವತ್ತು ನಿಮಿಷ. ಬಂದು ಮೆಟ್ಟಿಲ ಮೇಲೆ ಕೂತಾಗ ಮನಸ್ಸು ತಣ್ಣಗಿತ್ತು. ಯಾತ್ರೆಯ ಸಂಜೆಗಳಲ್ಲಿ ಇರುತ್ತಿತ್ತಲ್ಲ, ಅದೇ ತಂಪು. ಇದನ್ನು ನಾನು ಎರಡು ವರ್ಷದಿಂದ ಹುಡುಕುತ್ತಿದ್ದೆ.

ಆವತ್ತು ನೆನಪಿಗೆ ಬಂದದ್ದು ಮೆಸೆಟಾ. ಕಮೀನೊದಲ್ಲಿ ಬುರ್ಗೋಸ್ ಮತ್ತು ಲಿಯೋನ್ ಊರುಗಳ ನಡುವೆ ಸಿಗುವ ಬಟಾಬಯಲು. ದಾಟಲು ಎಂಟು ಹತ್ತು ದಿನ ಬೇಕು. ಗೋಧಿ ಹೊಲ, ನೇರ ದಾರಿ, ಆಕಾಶ. ಬೇಜಾರು ಅಂತ ಎಷ್ಟೋ ಜನ ಅಲ್ಲಿ ಬಸ್ ಹತ್ತಿಬಿಡುತ್ತಾರೆ. ನಾನು ಹತ್ತಲಿಲ್ಲ. ಮೊದಲ ಎರಡು ದಿನ ಹಿಂಸೆಯಾಯಿತು. ಮೂರನೇ ದಿನ ಕಣ್ಣು ಹೊಂದಿಕೊಂಡಿತು. ದಾರಿಯ ಪಕ್ಕದ ಹುಲ್ಲಿನಲ್ಲಿ ಬಸವನಹುಳುಗಳು ಕಾಣತೊಡಗಿದವು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅನ್ನುವುದು ಕೆನ್ನೆಗೆ ತಿಳಿಯತೊಡಗಿತು. ಬೆಟ್ಟ ಹತ್ತುವಾಗ ಬೆಟ್ಟವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಬಯಲಿನಲ್ಲಿ ನಾವೇ ನೋಡಬೇಕು. ನನ್ನ ಮನೆ ಸುತ್ತಲಿನ ರಸ್ತೆಯೂ ಒಂದು ಮೆಸೆಟಾ, ಅಲ್ವಾ? ಅಲ್ಲಿ ಹತ್ತದ ಬಸ್ಸನ್ನು ಇಲ್ಲಿ ಕಿವಿಗೆ ಹಾಡು ಹಾಕಿಕೊಂಡು ದಿನಾ ಹತ್ತುತ್ತಿದ್ದೆ.

ಅಲ್ಲಿಂದ ನಾನು ಮಾಡಿದ್ದು ಬಹಳ ಸರಳ. ದಿನಾ ಅದೇ ಸುತ್ತು, ಹೆಚ್ಚು ಕಡಿಮೆ ಅದೇ ಹೊತ್ತು. ಹೊಸ ಹೊಸ ದಾರಿ ಹುಡುಕಿದರೆ ಬೇಜಾರಾಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಅನುಭವ ಇದಕ್ಕೆ ಉಲ್ಟಾ. ದಾರಿ ಬದಲಾಯಿಸುತ್ತಾ ಹೋದರೆ ಯಾವ ದಾರಿಯೂ ಪರಿಚಯವಾಗುವುದಿಲ್ಲ. ಒಂದೇ ದಾರಿಯಲ್ಲಿ ಇನ್ನೂರು ಸಲ ನಡೆದರೆ ನಿನ್ನೆ ಇಲ್ಲದ್ದು ಇವತ್ತು ಇದ್ದರೆ ತಕ್ಷಣ ಕಾಣುತ್ತದೆ.

ನನ್ನ ಸುತ್ತಿನ ಅರ್ಧದಲ್ಲಿ ಒಂದು ಹೊಂಗೆ ಮರ ಇದೆ. ಮೊದಲು ಅದು ನನಗೆ ಬರೀ ನೆರಳು. ಈಗ ಅದರ ವರ್ಷ ಪೂರ್ತಿ ಗೊತ್ತು. ಚಳಿ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ ಉದುರುತ್ತದೆ. ಕೊಂಬೆ ಬೋಳಾಗಿ ಬಹಳ ದಿನ ಇರುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ತುದಿಗಳಲ್ಲಿ ಎಣ್ಣೆ ಸವರಿದ ಹಾಗೆ ಮಿನುಗುವ ಚಿಗುರು. ಆಮೇಲೆ ಹೂವು. ಮರದಲ್ಲಿರುವಾಗ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಉದುರಿದಾಗ ನೆಲದ ಮೇಲೆ ಹೊದಿಕೆ ಹಾಸಿದ ಹಾಗೆ ಇರುತ್ತದೆ. ಬಗ್ಗಿ ಒಂದು ಹೂವು ತೆಗೆದು ಅಂಗೈಯಲ್ಲಿಟ್ಟುಕೊಂಡೆ ಒಮ್ಮೆ. ಬಿಳಿ ಅಂದುಕೊಂಡಿದ್ದೆ, ಅಲ್ಲ. ತಿಳಿ ನೇರಳೆ ಇದೆ, ಬುಡದಲ್ಲಿ ಕಂದು ಬಣ್ಣದ ಪುಟ್ಟ ಬಟ್ಟಲು. ಈ ಮರದ ಕಾಂಡವನ್ನು ದಿನಾ ಕೈಯಿಂದ ಮುಟ್ಟಿಯೇ ವಾಪಸ್ ತಿರುಗುತ್ತೇನೆ. ಯಾತ್ರೆಗೆ ತಲುಪುವ ಜಾಗವೊಂದು ಬೇಕು. ಕಂಬವೋ, ಕಲ್ಲೋ, ಮರವೋ, ಮುಟ್ಟಿ ಬರುವಂಥದ್ದು ಒಂದಿದ್ದರೆ ನಡಿಗೆಗೆ ಬೆನ್ನೆಲುಬು ಬರುತ್ತದೆ.

ಯಾತ್ರೆಯಿಂದ ಮನೆಗೆ ತಂದುಕೊಂಡ ಇನ್ನೊಂದು ವಿಷಯ ಮಾತಾಡಿಸುವುದು. ವಾರಿಯಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವುದು 'ಮಾವುಲಿ' ಅಂತ. ತಾಯಿ ಅಂತ ಅರ್ಥ. ಗಂಡಸು, ಹೆಂಗಸು, ಮಗು, ಪೊಲೀಸು, ಎಲ್ಲರೂ ಮಾವುಲಿ. ದಾರಿ ಬಿಡಿ ಅನ್ನುವುದಕ್ಕೂ ಅದೇ, ನೀರು ಕೊಡುವಾಗಲೂ ಅದೇ. ಕಮೀನೊದಲ್ಲಿ 'ಬುಯೆನ್ ಕಮೀನೊ', ದಾರಿ ಒಳ್ಳೆಯದಾಗಲಿ ಅಂತ. ಮನೆ ಹತ್ತಿರ ಮಾತ್ರ ದಿನಾ ಎದುರಾಗುವವರನ್ನೂ ಗೋಡೆ ದಾಟಿದ ಹಾಗೆ ದಾಟಿ ಹೋಗುತ್ತಿದ್ದೆ. ಮೊದಲು ತಲೆಯಾಡಿಸಿದೆ. ಒಂದು ವಾರಕ್ಕೆ ನಮಸ್ಕಾರ ಶುರುವಾಯಿತು. ತಿಂಗಳಿಗೆ ಮಾತು.

ಊರುಗೋಲು ಹಿಡಿದು ನಡೆಯುವ ಒಬ್ಬ ತಾತ ಇದ್ದಾರೆ. ಸೊಂಟದ ಆಪರೇಷನ್ ಆದ ಮೇಲೆ ಮತ್ತೆ ನಡೆಯಲು ಕಲಿಯುತ್ತಿದ್ದರು. ಒಂದು ದಿನ ಕೇಳಿದೆ, "ತಾತ, ಇವತ್ತು ಎಲ್ಲಿಯತನಕ ಹೋದ್ರಿ?"

"ಆ ನೀಲಿ ಗೇಟಿನ ತನಕ ಕಣಮ್ಮ. ನಿನ್ನೆ ಅದರ ಹಿಂದಿನ ಕಂಬದ ತನಕ ಹೋಗಿದ್ದೆ."

"ಸುಸ್ತಾಯ್ತಾ?"

"ಆಗದೆ ಇರುತ್ತಾ? ಕೂತ್ಕೊಂಡೆ. ಮತ್ತೆ ಎದ್ದೆ." ಹಾಗೆ ಹೇಳಿ ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿ ಹೊರಟರು.

ಕಂಬದಿಂದ ಗೇಟಿಗೆ ಹದಿನೈದು ಹೆಜ್ಜೆ ಇರಬಹುದು. ವಾರಿಯಲ್ಲಿ ಪುಣೆ ದಾಟಿದ ಮೇಲೆ ದಿವೆ ಘಾಟ್ ಅಂತ ಒಂದು ಏರು ಬರುತ್ತದೆ. ಅದನ್ನು ಹತ್ತಿದ ಸಂಜೆ ಜನ ಆ ದಿನದ ದಾರಿಯ ಬಗ್ಗೆ ಹೀಗೇ ಮಾತಾಡುತ್ತಿದ್ದರು, ಇದೇ ದನಿಯಲ್ಲಿ. ತಾತನ ಜೊತೆ ಆಗಾಗ ಆ ಗೇಟಿನ ತನಕ ಅವರ ವೇಗದಲ್ಲೇ ನಡೆಯುತ್ತೇನೆ. ನಿಧಾನ ನಡೆಯುವುದು ಕಷ್ಟ. ಒಂದು ಕಾಲಿನ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಕಾಗುತ್ತದೆ. ಪಾದದ ಸಣ್ಣ ಸಣ್ಣ ಸ್ನಾಯುಗಳು ಕೆಲಸ ಮಾಡುವುದು ಆಗ ತಿಳಿಯಿತು.

ಕೂಡುರಸ್ತೆ ಬಂದಾಗ ನನ್ನ ಕಣ್ಣು ಬಹಳ ದಿನ ಹಳದಿ ಬಾಣ ಹುಡುಕುತ್ತಿತ್ತು. ಕಮೀನೊದ ದಾರಿಯುದ್ದಕ್ಕೂ ಕಲ್ಲು, ಗೋಡೆ, ಮರದ ಮೇಲೆ ಬಳಿದಿರುವ ಬಾಣಗಳು. ಒ ಸೆಬ್ರೇರೊ ಎಂಬ ಬೆಟ್ಟದ ಊರಿನ ಪಾದ್ರಿ ಎಲಿಯಾಸ್ ವಲಿನ್ಯಾ ಅವರು 1980ರ ದಶಕದಲ್ಲಿ ಇವನ್ನು ಬಳಿಯಲು ಶುರು ಮಾಡಿದರು. ಹಳೆಯ ದಾರಿ ಮತ್ತೆ ಜೀವ ಪಡೆಯುವುದರಲ್ಲಿ ಆ ಒಬ್ಬ ಮನುಷ್ಯನ ಬಣ್ಣದ ಡಬ್ಬಕ್ಕೆ ದೊಡ್ಡ ಪಾಲಿದೆ. ಬಾಣ ಇದ್ದಾಗ ಯೋಚನೆ ಬೇಡ, ಅದೇ ದೊಡ್ಡ ಆರಾಮ. ಮನೆಯ ಸುತ್ತಿನಲ್ಲಿ ಆ ಆರಾಮ ನನಗೆ ಸಿಕ್ಕಿದ್ದು ಸುತ್ತನ್ನು ಗಟ್ಟಿ ಮಾಡಿಕೊಂಡದ್ದರಿಂದ. ಎಲ್ಲಿ ತಿರುಗಬೇಕು ಅಂತ ದಿನಾ ತೀರ್ಮಾನ ಮಾಡಬೇಕಿಲ್ಲ. ಕಾಲು ತಾನೇ ತಿರುಗುತ್ತದೆ, ತಲೆ ಬಿಡುವಾಗಿರುತ್ತದೆ.

ಉಳಿದ ವಿವರ ಬೇಗ ಹೇಳಿಬಿಡುತ್ತೇನೆ. ಫೋನ್ ಜೇಬಿನಲ್ಲಿ ಇರುತ್ತದೆ, ತೆಗೆಯುವುದಿಲ್ಲ. ವಾರಕ್ಕೊಮ್ಮೆ ಎಂಟು ಹತ್ತು ಕಿಲೋಮೀಟರ್, ಅಷ್ಟೇ. ಅದಕ್ಕಿಂತ ಜಾಸ್ತಿ ಬೇಕೆಂದರೆ ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸುತ್ತೇನೆ. ಯಾತ್ರೆಗೆ ಮೂರು ತಿಂಗಳಿದೆ ಅನ್ನುವಾಗ ಬೆನ್ನಿಗೆ ಬ್ಯಾಗು ಬರುತ್ತದೆ. ದೇಹದ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊರುವುದಿಲ್ಲ. ದೂರದ ನಡಿಗೆಗೆ ಶೂ ಒಂದು ಸೈಜ್ ದೊಡ್ಡದಿರಬೇಕು, ನಡೆದಂತೆ ಪಾದ ಊದುತ್ತದೆ. ಹೊಸ ಶೂವನ್ನು ಈ ಸುತ್ತಿನಲ್ಲೇ ಪಳಗಿಸುತ್ತೇನೆ. ಕಾಲ್ಚೀಲ ಒದ್ದೆಯಾದರೆ ಗುಳ್ಳೆ ಏಳುವುದು ಖಂಡಿತ, ಅದು ಎರಡು ಕಿಲೋಮೀಟರಿಗೂ ಅಷ್ಟೇ, ಇಪ್ಪತ್ತಕ್ಕೂ ಅಷ್ಟೇ.

ಬೇಜಾರಾಗುವ ದಿನ ಇಲ್ಲವೇ ಅಂದರೆ, ಇದೆ. ಮನಸ್ಸಿಲ್ಲದ ದಿನ ಗೇಟಿನ ಹೊರಗೆ ಹತ್ತು ಹೆಜ್ಜೆ ಇಟ್ಟು ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ಹನ್ನೊಂದನೇ ಹೆಜ್ಜೆ ತಾನೇ ಬೀಳುತ್ತದೆ. ಉಳಿದ ಎರಡು ಸಲ ಮನೆಗೆ ವಾಪಸ್. ವಾಪಸ್ ಬಂದದ್ದಕ್ಕೆ ಕೊರಗುವುದನ್ನು ಬಿಟ್ಟಿದ್ದೇನೆ. ಕಮೀನೊದಲ್ಲೂ ಲಿಯೋನ್‌ನಲ್ಲಿ ಒಂದು ಪೂರ್ತಿ ದಿನ ಮಲಗಿದ್ದೆ.

2022ರಲ್ಲಿ ವಾರಿ ಮತ್ತೆ ಹೊರಟಿತು, ನಾನೂ ಹೋದೆ. ಹಿಮ್ಮಡಿ ನೋಯಲಿಲ್ಲ. ಆದರೆ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ವಾಪಸ್ ಬಂದ ಮೇಲೆ. ನಾಲ್ಕನೇ ದಿನದ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು, ಶೂ ಹಾಕಿಕೊಂಡೆ, ಗೇಟು ದಾಟಿ ಎಡಕ್ಕೆ ತಿರುಗಿದೆ. ತಾತ ಎದುರಾದರು. "ಏನಮ್ಮ, ಇಷ್ಟು ದಿನ ಕಾಣಲೇ ಇಲ್ಲ?" ಅಂದರು.

ಈಗ ಮನಸ್ಸಿನಲ್ಲಿರುವುದು ಜಪಾನಿನ ಶಿಕೊಕು. 88 ದೇವಾಲಯಗಳು, ಸುಮಾರು 1,200 ಕಿಲೋಮೀಟರಿನ ದಾರಿ, ದ್ವೀಪವನ್ನೇ ಸುತ್ತಿ ಬರುತ್ತದೆ. ಒಂದೇ ಸಲ ಮುಗಿಸಲಾಗದವರು ತುಂಡು ತುಂಡಾಗಿ ವರ್ಷಗಟ್ಟಲೆ ನಡೆಯುತ್ತಾರೆ. ರಜೆ ಸಿಕ್ಕಾಗ ಹೋಗಿ ಒಂದಷ್ಟು ನಡೆದು ಮನೆಗೆ ಬರುವುದು, ಮತ್ತೆ ರಜೆ ಸಿಕ್ಕಾಗ ಬಿಟ್ಟ ಜಾಗದಿಂದಲೇ ಮುಂದಕ್ಕೆ. ಇದಕ್ಕೆ ಅಲ್ಲಿ 'ಕುಗಿರಿ-ಉಚಿ' ಅಂತ ಹೆಸರೇ ಇದೆ. ನನಗೂ ಹಾಗೇ ಮಾಡಲು ಸಾಧ್ಯ. ಮೊದಲ ತುಂಡಿಗೆ ಇನ್ನೂ ಒಂದೂವರೆ ವರ್ಷ ಇದೆ. ಮುಂಚಿನ ಹಾಗೆ ಆ ದಿನಗಳನ್ನು ಎಣಿಸುತ್ತಿಲ್ಲ.

ನನ್ನ ಸುತ್ತಿನಲ್ಲಿ, ಹೊಂಗೆ ಮರಕ್ಕೆ ಮೊದಲು, ಫುಟ್‌ಪಾತಿನ ಒಂದು ಚಪ್ಪಡಿ ಅಲ್ಲಾಡುತ್ತಿತ್ತು. ತುಳಿದರೆ ಟಕ್ ಅಂತ ಸದ್ದು, ಮಳೆಗಾಲವಾದರೆ ಅಡಿಯಿಂದ ನೀರು ಚಿಮ್ಮುತ್ತಿತ್ತು. ಮೊದಲ ತಿಂಗಳು ದಿನಾ ತುಳಿಯುತ್ತಿದ್ದೆ. ಆಮೇಲೆ ಕಾಲು ಕಲಿತುಕೊಂಡಿತು, ಯೋಚಿಸದೆಯೇ ಅಲ್ಲಿ ಒಂದು ಹೆಜ್ಜೆ ಅಗಲ ಹಾಕುತ್ತಿತ್ತು. ಹೋದ ತಿಂಗಳು ಯಾರೋ ಸಿಮೆಂಟ್ ಹಾಕಿ ಅದನ್ನು ಗಟ್ಟಿ ಮಾಡಿದ್ದಾರೆ. ಕಾಲು ಇನ್ನೂ ಅಗಲ ಹೆಜ್ಜೆಯನ್ನೇ ಹಾಕುತ್ತಿದೆ. ನಿನ್ನೆ ನಿಂತು, ಬೇಕೆಂದೇ ಎರಡೂ ಕಾಲು ಅದರ ಮೇಲಿಟ್ಟು, ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಮರದ ಕಡೆ ನಡೆದೆ.